ಮುಂಬೈ–ಮಂಗಳೂರು ವಿಮಾನ: ಪೈಲಟ್‌ಗೆ ಪೂರ್ತಿ ಮಾರ್ಕು, ಕ್ಯಾಬಿನ್‌ಗೆ ಅರ್ಧ

ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಯಾರಾದರೂ ಊರಿಗೆ ಟಿಕೆಟ್ ಮಾಡಿಸುವಾಗ ಈ ಮಾತು ಬಂದೇ ಬರುತ್ತದೆ: "ಆ ಕಂಪನಿಯದ್ದೇ ಮಾಡಿ, ಅದು ಸೇಫ್." ಯಾಕೆ ಸೇಫ್ ಅಂತ ಕೇಳಿದರೆ, "ಇವತ್ತಿನವರೆಗೆ ಒಂದೂ ಬಿದ್ದಿಲ್ಲ ಅಲ್ವಾ?" ಅಷ್ಟೇ ಉತ್ತರ. ಅದೇ ಕಂಪನಿಯಲ್ಲಿ ನಾನು ವರ್ಷಗಳಿಂದ ಓಡಾಡುತ್ತಿದ್ದೇನೆ. ಕೆಲಸ ಇಲ್ಲಿ, ಅಮ್ಮ ಕಾರ್ಕಳದಲ್ಲಿ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ಬೈಗುಳವೂ ಇದೆ. ಈ ರೂಟಿನಲ್ಲಿ ಓಡಾಡುವವರಿಗೆ ಹೇಗೂ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟದ್ದು ಮತ್ಸ್ಯಗಂಧ ರೈಲು. ಆದರೆ ಅದರ ಟಿಕೆಟ್ ಓಪನ್ ಆದ ಕೂಡಲೇ ಖಾಲಿ. ರಜೆಯೂ ಕಮ್ಮಿ. ಹಾಗಾಗಿ ವಿಮಾನ. ರೇಟು ಇಳಿದಾಗ ಎರಡು ತಿಂಗಳು ಮೊದಲೇ ಬುಕ್ ಮಾಡುತ್ತೇನೆ, ಊಟ ತಗೊಳ್ಳುವುದಿಲ್ಲ, ಸೀಟಿಗೆ ಜಾಸ್ತಿ ದುಡ್ಡು ಕೊಡುವುದಿಲ್ಲ. ಕಾಲು ಚಾಚಲು ಜಾಗ ಎಷ್ಟು, ಬ್ಯಾಗು ಎಷ್ಟು ಕಿಲೋ, ಇದೆಲ್ಲ ನಿಮಗೆ ಗೊತ್ತಿರುವುದೇ.

"ಒಂದೂ ಬಿದ್ದಿಲ್ಲ" ಅನ್ನುವ ಹೆಸರಿನ ಬಗ್ಗೆ ಸ್ವಲ್ಪ. ಜಗತ್ತಿನಲ್ಲಿ ಈ ಹೆಸರು ಜಾಸ್ತಿ ಇರುವುದು ಆಸ್ಟ್ರೇಲಿಯಾದ ಕ್ವಾಂಟಾಸ್‌ಗೆ. 2022ರಲ್ಲಿ ಬೆಂಗಳೂರಿಂದ ಸಿಡ್ನಿಗೆ ನೇರ ವಿಮಾನ ಶುರು ಮಾಡಿತಲ್ಲ, ಅದೇ. ಜೆಟ್ ವಿಮಾನಗಳ ಕಾಲ ಶುರುವಾದ ಮೇಲೆ ಅವರ ವಿಮಾನದ ಅಪಘಾತದಲ್ಲಿ ಯಾರೂ ಸತ್ತಿಲ್ಲ, ನಿಜ. ಆದರೆ ಅದಕ್ಕಿಂತ ಹಿಂದೆ, ಸಣ್ಣ ವಿಮಾನಗಳ ಕಾಲದಲ್ಲಿ, ಸತ್ತವರಿದ್ದಾರೆ. 1999ರಲ್ಲಿ ಬ್ಯಾಂಕಾಕ್‌ನಲ್ಲಿ ಅವರದೇ ಜಂಬೋ ವಿಮಾನ ಜೋರು ಮಳೆಯಲ್ಲಿ ಇಳಿದು ರನ್‌ವೇ ದಾಟಿ ಹೋಯಿತು. ಇಳಿಯುವುದು ಬೇಡ, ಮೇಲೇರೋಣ ಅಂದ ಕ್ಯಾಪ್ಟನ್ ಚಕ್ರ ನೆಲ ಮುಟ್ಟುವ ಹೊತ್ತಿಗೆ ಮನಸ್ಸು ಬದಲಾಯಿಸಿದ್ದರು. ಯಾರೂ ಸಾಯಲಿಲ್ಲ. ರನ್‌ವೇ ಆಚೆ ಸಮತಟ್ಟು ನೆಲ ಇತ್ತು.

ಬಜ್ಪೆಯಲ್ಲಿ, ಅಂದರೆ ನಮ್ಮ ಮಂಗಳೂರು ಏರ್‌ಪೋರ್ಟಿನಲ್ಲಿ, ಅಂಥ ನೆಲ ಇಲ್ಲ, ಅಲ್ವಾ. ಗುಡ್ಡದ ತಲೆ ಕತ್ತರಿಸಿ ಮಾಡಿದ ರನ್‌ವೇ. ಉದ್ದ 2,450 ಮೀಟರ್, ಅದಾದ ಮೇಲೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ಕಣಿವೆಗೇ ಬಿತ್ತು. 158 ಜನ ಹೋದರು, ಉಳಿದವರು 8. ನಮ್ಮ ಕಡೆಯಲ್ಲಿ ಆ ದಿನ ಯಾರದೋ ಒಬ್ಬರ ಪರಿಚಯದವರು ಅದರಲ್ಲಿ ಇಲ್ಲದ ಮನೆ ಇರಲಿಲ್ಲ ಅಂತ ಅನಿಸುತ್ತದೆ. ಆಮೇಲೆ ಬಂದ ತನಿಖಾ ವರದಿಯಲ್ಲಿ ನನಗೆ ಮರೆಯಲಾಗದ್ದು ಎರಡು ವಿಷಯ. ಒಂದು, ಕ್ಯಾಪ್ಟನ್ ಹಾರಾಟದ ಹೆಚ್ಚಿನ ಹೊತ್ತು ನಿದ್ದೆಯಲ್ಲಿದ್ದರು. ಇನ್ನೊಂದು, ಪಕ್ಕದಲ್ಲಿದ್ದ ಸಹ ಪೈಲಟ್ "ಗೋ ಅರೌಂಡ್", ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರಿ ಅಂತ, ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ, ಇಳಿಸಿಯೇ ಬಿಟ್ಟರು.

ಅಂದಿನಿಂದ ನನ್ನ ಲೆಕ್ಕ ಬೇರೆ. ಬಿದ್ದಿದೆಯೋ ಇಲ್ಲವೋ ಅನ್ನುವುದನ್ನು ಬಿಟ್ಟೆ. ಈ ಕಂಪನಿಯ ಪೈಲಟ್‌ಗೆ "ಇವತ್ತು ಆಗುವುದಿಲ್ಲ" ಅನ್ನಲು ಧೈರ್ಯ ಇದೆಯಾ? ನಾನು ನೋಡುವುದು ಅಷ್ಟೇ.

ಇದೆ. ಒಂದು ಜುಲೈಯಲ್ಲಿ ಕಣ್ಣಾರೆ ನೋಡಿದೆ. ಮಧ್ಯಾಹ್ನದ ವಿಮಾನ, ಊರಲ್ಲಿ ಹುಯ್ಯೋ ಅಂತ ಮಳೆ. ಚಕ್ರ ಇಳಿದ ಸದ್ದು ಕೇಳಿಸಿತು. ಕಿಟಕಿಯಲ್ಲಿ ಬರೀ ಬೂದು. ಮೋಡದ ಸಂದಿನಲ್ಲಿ ಒಂದು ಕ್ಷಣ ಕೆಂಪು ಮುರಕಲ್ಲಿನ ದರೆ, ಒಂದು ತೆಂಗಿನ ತೋಟ ಕಂಡಿತು. ಅಷ್ಟರಲ್ಲಿ ಇಂಜಿನ್ ಗರ್ಜಿಸಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು, ಮೂತಿ ಮೇಲೆ. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ದೇವರೇ" ಅಂದರು, ಮಗು ಅಳಲು ಶುರು ಮಾಡಿತು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಮಾತಾಡಿದರು. ರನ್‌ವೇ ಕಾಣಿಸಲಿಲ್ಲ, ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಬೆಂಗಳೂರು. ದನಿಯಲ್ಲಿ ಗಡಿಬಿಡಿ ಇರಲಿಲ್ಲ. ಎರಡನೇ ಸಲವೂ ಹಾಗೇ ಆಯಿತು. ಬೆಂಗಳೂರಿಗೆ ಹೋಗಿ ಇಳಿದೆವು.

ಅಲ್ಲಿ ವಿಮಾನದೊಳಗೇ ಕೂರಿಸಿದರು. ಜನ ಕೂಗಾಡಿದರು. "ಬೇರೆ ಕಂಪನಿಯ ಫ್ಲೈಟ್ ಇಳಿದಿದೆಯಂತೆ, ಇವನಿಗೇನು ರೋಗ?" ಅಂತ ಒಬ್ಬರು ಫೋನು ತೋರಿಸಿದರು. ಇಳಿದಿರಬಹುದು. ಮೋಡ ಐದು ನಿಮಿಷ ಸರಿದಿರುತ್ತದೆ. 2020ರ ಆಗಸ್ಟ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ, ಅದೂ ಗುಡ್ಡದ ಮೇಲಿನ ರನ್‌ವೇಯೇ, ಮಳೆಯಲ್ಲಿ ಹಿಂಗಾಳಿಯ ಜೊತೆ ಇಳಿದ ವಿಮಾನ ಕೆಳಗೆ ಬಿದ್ದು 21 ಜನ ಸತ್ತರು. ಮೊದಲ ಸಲ ಮೇಲೇರಿ ಹೋಗಿದ್ದ ವಿಮಾನ ಅದು. ಎರಡನೇ ಸಲಕ್ಕೆ ಇಳಿಸಿದರು. ಇದನ್ನು ಅವರಿಗೆ ಹೇಳಬೇಕು ಅನಿಸಿತು. ಸುಮ್ನೆ ಕೂತೆ, ಆ ಹೊತ್ತಿನಲ್ಲಿ ಯಾರಿಗೆ ಬೇಕು ಇದೆಲ್ಲ. ಮಂಗಳೂರು ಮುಟ್ಟುವಾಗ ರಾತ್ರಿ.

ನಿದ್ದೆಯ ವಿಷಯಕ್ಕೂ ಒಂದು ಮಾತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು ಡಿಜಿಸಿಎ (ವಿಮಾನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) 36 ಗಂಟೆಯಿಂದ 48ಕ್ಕೆ ಏರಿಸಿತು, ಒಬ್ಬ ಪೈಲಟ್ ರಾತ್ರಿ ಎಷ್ಟು ಸಲ ವಿಮಾನ ಇಳಿಸಬಹುದು ಅನ್ನುವುದನ್ನು ಕಮ್ಮಿ ಮಾಡಿತು. 2025ರ ನವೆಂಬರ್‌ಗೆ ನಿಯಮ ಪೂರ್ತಿ ಜಾರಿಗೆ ಬಂತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾದವು, ಕೊನೆಗೆ ಆ ಕಂಪನಿಗೆ ನಿಯಮದಿಂದ ತಾತ್ಕಾಲಿಕ ವಿನಾಯಿತಿಯೂ ಸಿಕ್ಕಿತು. ಟಿವಿಯಲ್ಲಿ ಎಲ್ಲರೂ ಬೈದದ್ದು ರದ್ದಾದದ್ದಕ್ಕೆ. ನನಗೆ ಹೆದರಿಕೆ ಹುಟ್ಟಿಸಿದ್ದು ವಿನಾಯಿತಿ.

ಇಷ್ಟರವರೆಗೆ ಓದಿದರೆ ಐದಕ್ಕೆ ಐದು ಸ್ಟಾರ್ ಅನಿಸಬಹುದು. ಈಗ ಕ್ಯಾಬಿನ್‌ಗೆ ಬನ್ನಿ.

ನಾನು ಒಳಗೆ ಹೋದ ಕೂಡಲೇ ಮಾಡುವ ಕೆಲಸ ಒಂದಿದೆ. ನನ್ನ ಸಾಲಿನಿಂದ ಹತ್ತಿರದ ಬಾಗಿಲಿನವರೆಗೆ ಸೀಟಿನ ಬೆನ್ನು ಮುಟ್ಟಿಕೊಂಡು ಎಣಿಸುತ್ತೇನೆ, ಮುಂದಕ್ಕೂ ಹಿಂದಕ್ಕೂ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈ ಎಣಿಸುತ್ತದೆ. ಆಮೇಲೆ ಬ್ಯಾಗು ಮೇಲೆ, ಊರಿಂದ ಬರುವಾಗಾದರೆ ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ತೊಡೆ ಮೇಲೆ. ಪಕ್ಕದವರು ಮೂಗರಳಿಸಿ ನೋಡುತ್ತಾರೆ, ಎರಡು ಮೊಳ ಕೊಟ್ಟದ್ದೂ ಇದೆ. ಒಣ ಕೊಬ್ಬರಿ ಮಾತ್ರ ತರುವುದಿಲ್ಲ. ಅದರಲ್ಲಿ ಎಣ್ಣೆ ಇರುವುದರಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ನಿಷೇಧ. ಬಜ್ಪೆಯ ಸೆಕ್ಯುರಿಟಿಯಲ್ಲಿ ಇದಕ್ಕೆ ಜಗಳ ಮಾಡುವ ಅಮ್ಮಂದಿರನ್ನು ನೋಡಿ ನೋಡಿ ಸಾಕಾಗಿದೆ. ಅವರಿಗೆ ಕಾರಣ ಯಾರೂ ಹೇಳುವುದಿಲ್ಲ, "ನಾಟ್ ಅಲೌಡ್" ಅಷ್ಟೇ.

ಇದೇ ನನ್ನ ದೂರು. ಯಾರೂ ಹೇಳುವುದಿಲ್ಲ.

ಈ ವಿಮಾನದಲ್ಲಿ ಅರ್ಧಕ್ಕರ್ಧ ಜನ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತಾಡುವವರು. ಮಗನ ಮನೆಗೆ ಬಂದು ಹೋಗುವ ಅಜ್ಜ ಅಜ್ಜಿಯರು ಬಹಳ. ಸುರಕ್ಷತೆಯ ಸೂಚನೆ ಮಾತ್ರ ಇಂಗ್ಲಿಷ್, ಹಿಂದಿ. ಕೆಲವೊಮ್ಮೆ ಕನ್ನಡದ ಪೈಲಟ್ ಸಿಕ್ಕರೆ "ಎಲ್ಲರಿಗೂ ನಮಸ್ಕಾರ" ಅನ್ನುತ್ತಾರೆ, ಜನ ಚಪ್ಪಾಳೆ ಹೊಡೆದು ವಿಡಿಯೋ ಮಾಡುತ್ತಾರೆ. ಒಳ್ಳೆಯದೇ. ಆದರೆ ನಮಸ್ಕಾರ ಅರ್ಥವಾಗದಿದ್ದರೆ ಯಾರೂ ಸಾಯುವುದಿಲ್ಲ. ಲೈಫ್ ಜಾಕೆಟ್ ಒಳಗೇ ಉಬ್ಬಿಸಬೇಡಿ ಅನ್ನುವುದು ಅರ್ಥವಾಗದಿದ್ದರೆ ಸಾಯುತ್ತಾರೆ. 1996ರಲ್ಲಿ ಅಪಹರಣವಾದ ಇಥಿಯೋಪಿಯಾದ ವಿಮಾನ ಕೊಮೊರೊಸ್ ಹತ್ತಿರ ಸಮುದ್ರಕ್ಕೆ ಬಿದ್ದಾಗ, ಒಳಗೇ ಜಾಕೆಟ್ ಉಬ್ಬಿಸಿಕೊಂಡವರು ನೀರು ನುಗ್ಗಿದಾಗ ತೇಲಿ ಮೇಲ್ಛಾವಣಿಗೆ ಒತ್ತಿಕೊಂಡರು. ಹೊರಗೆ ಬರಲು ಆಗಲಿಲ್ಲ. ನಮ್ಮ ವಿಮಾನವೂ ಹೆಚ್ಚಾಗಿ ಜುಹು ದಾಟಿ ಸಮುದ್ರದ ಮೇಲೇ ಏರುವುದು.

ಒಂದು ಸಲ ಬಾಗಿಲ ಪಕ್ಕದ ಸಾಲಿನಲ್ಲಿ, ಅಂದರೆ ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಸಾಲಿನಲ್ಲಿ, ಬಿಳಿ ಪಂಚೆಯ ಒಬ್ಬ ಹಿರಿಯರು ಕೂತಿದ್ದರು. ಮೊಣಕಾಲು ನೋವು ಅಂತ ಮಗ ಜಾಸ್ತಿ ದುಡ್ಡು ಕೊಟ್ಟು ಆ ಸೀಟು ಮಾಡಿಸಿದ್ದನಂತೆ. ಕ್ರ್ಯೂ ಹುಡುಗಿ ಬಂದು ಬಗ್ಗಿ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಏನೇನೋ ಹೇಳಿ, "ಓಕೆ ಸರ್?" ಅಂದಳು. ಅವರು ತಲೆಯಾಡಿಸಿದರು. ಅವಳು ಹೋದಳು. ಅವರು ನನ್ನ ಕಡೆ ತಿರುಗಿ, "ಎಂತ ಹೇಳಿದ್ದು ಅದು? ಊಟದ್ದಾ?" ಅಂದರು.

"ಅಲ್ಲ ಮಾರಾಯ್ರೆ, ಏನಾದರೂ ಆದರೆ ಈ ಬಾಗಿಲು ತೆಗೆಯಬೇಕಾದ್ದು ನೀವೇ."

"ನಾನಾ?"

ಬಾಗಿಲು ತೆಗೆಯುವ ಮುಂಚೆ ಹೊರಗೆ ಬೆಂಕಿ ಇದೆಯಾ ನೋಡಬೇಕು, ಆಮೇಲೆ ಹಿಡಿಕೆ ಎಳೆಯಬೇಕು ಅಂತ ಕಾರ್ಡು ತೋರಿಸಿ ಹೇಳಿದೆ. ಆ ಬಾಗಿಲೇ ಸುಮಾರು 15 ಕಿಲೋ ತೂಕ. ಅವರು ತಮ್ಮ ಮೊಣಕಾಲು ನೋಡಿಕೊಂಡರು. ನಾನು ಕ್ರ್ಯೂವನ್ನು ಕರೆದು ಹೇಳಿದ ಮೇಲೆ ಸೀಟು ಬದಲಾಯಿಸಿದರು, ಮುಖ ಗಂಟು ಹಾಕಿಕೊಂಡೇ. ಆ ಸೀಟು ಮಾರುವಾಗ ಇಲ್ಲದ ಪ್ರಶ್ನೆ ಹತ್ತಿದ ಮೇಲೆ ತಲೆಯಾಡಿಸಿದರೆ ಮುಗಿಯಿತಾ?

ಹೊಸ ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು. ಪರೀಕ್ಷೆಯಲ್ಲಿ ಬರುತ್ತಾರೆ. ನಿಜದಲ್ಲಿ? 2016ರಲ್ಲಿ ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ನೆಲಕ್ಕೆ ಅಪ್ಪಳಿಸಿತು. (ಅದು ಮೇಲೇರಲು ಹೋಗಿಯೇ ಬಿದ್ದದ್ದು, ಇಂಜಿನ್ ಶಕ್ತಿ ಸಮಯಕ್ಕೆ ಏರಿರಲಿಲ್ಲ. ಗೋ ಅರೌಂಡ್ ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ.) ಹೊಗೆಯ ನಡುವೆ ಜನ ಮೇಲಿನ ಬ್ಯಾಗು ಇಳಿಸುತ್ತಿದ್ದ ವಿಡಿಯೋ ಎಲ್ಲರೂ ನೋಡಿದ್ದೇವೆ. 300 ಜನರೂ ಬದುಕಿದರು, ಬೆಂಕಿ ಆರಿಸಲು ಬಂದವರಲ್ಲಿ ಒಬ್ಬರು ಸತ್ತರು. 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಹೊತ್ತಿ ಉರಿಯಿತು. ಮೈಕ್ ಕೆಟ್ಟಿತ್ತು, ಕ್ರ್ಯೂ ಬಾಯಲ್ಲೇ ಕೂಗಿ ಹೇಳಿದರು. 379 ಜನರೂ ಹೊರಬಂದರು. ಕೂಗಿದ್ದು ಹೆಚ್ಚಿನವರ ಭಾಷೆಯಲ್ಲಿ. ನಮ್ಮ ವಿಮಾನದಲ್ಲಿ ಹಾಗಾದರೆ ಆ ಹುಡುಗಿ ಯಾವ ಭಾಷೆಯಲ್ಲಿ ಕೂಗುತ್ತಾಳೆ?

ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆಯಿಂದ ಅವಳದ್ದು ಎಷ್ಟನೇ ಫ್ಲೈಟೋ. ಬೆಲ್ಟ್ ಲೈಟ್ ಆರುವ ಮುಂಚೆ ಎದ್ದು ನಿಲ್ಲುವ ನಮ್ಮವರನ್ನು ಕೂರಿಸಿ ಕೂರಿಸಿ ಅವಳ ಗಂಟಲು ಒಣಗಿರುತ್ತದೆ. ಸಿಟ್ಟು ಇರುವುದು ಕಂಪನಿಯ ಮೇಲೆ. ಎರಡು ನಿಮಿಷದ ರೆಕಾರ್ಡಿಂಗ್ ಹಾಕಲು ಎಷ್ಟು ಖರ್ಚು? ಇದನ್ನೇ ಬರೆದು ಕಳಿಸಿದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು, ಜೊತೆಗೆ ಒಂದು ಆಫರ್ ಕೂಪನ್.

ಹಾಗಾದರೆ ಆ ಹೆಸರು ಸರಿಯೋ? ಕಾಕ್‌ಪಿಟ್ ಮಟ್ಟಿಗೆ ಸರಿ. ಅದಕ್ಕೇ ನಾನು ಈಗಲೂ ಇದರಲ್ಲೇ ಹೋಗುತ್ತೇನೆ, ಇನ್ನೂರು ಮುನ್ನೂರು ಜಾಸ್ತಿಯಾದರೂ. ಕ್ಯಾಬಿನ್ ಮಟ್ಟಿಗೆ ಇನ್ನೂ ಅದೃಷ್ಟದ ಮೇಲೆ ನಡೆಯುತ್ತಿದೆ.

ಮಳೆಗಾಲದಲ್ಲಿ ಹೋಗುವವರಿಗೆ: ಬೆಳಗ್ಗಿನ ಫ್ಲೈಟ್ ಹಿಡಿಯಿರಿ, ತಿರುಗಿಸಿದರೂ ದಿನ ಉಳಿದಿರುತ್ತದೆ. ಅದೇ ದಿನ ಸಂಜೆಗೆ ಮದುವೆ, ಪೂಜೆ ಇಟ್ಟುಕೊಳ್ಳಬೇಡಿ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಲಿ. ಮನೆಯ ಹಿರಿಯರನ್ನು ಒಬ್ಬರನ್ನೇ ಕಳಿಸುವುದಾದರೆ ತುರ್ತು ಬಾಗಿಲಿನ ಸೀಟು ಬೇಡ, ನಡುದಾರಿಯ ಪಕ್ಕದ ಸೀಟು ಕೊಡಿಸಿ. ಬೆಲ್ಟ್ ಬಿಚ್ಚುವುದನ್ನು ಮನೆಯಲ್ಲೇ ಹೇಳಿಕೊಡಿ. ಕಾರಿನ ಬೆಲ್ಟಿನ ಹಾಗೆ ಒತ್ತುವುದಲ್ಲ, ಮುಚ್ಚಳ ಎತ್ತುವುದು. ಅಮ್ಮನಿಗೋಸ್ಕರ ನಾನು ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಓದಿ ವಾಟ್ಸಾಪ್ ಆಡಿಯೋ ಮಾಡಿದ್ದೇನೆ, ಎರಡು ನಿಮಿಷವೂ ಇಲ್ಲ. ಬೇಕಾದವರು ಕೇಳಿ, ಕಳಿಸುತ್ತೇನೆ. ತುಳುವಿನಲ್ಲೂ ಒಂದಿದೆ, ಅದನ್ನು ಅತ್ತೆ ಓದಿದ್ದು, ಸ್ವಲ್ಪ ಜೋರಾಗಿದೆ.