ಒಂದೇ ಗಂಟಲಲ್ಲಿ ಇಡೀ ಆಯುಷ್ಯ: ‘ಶೋವಾ ಗೆನ್‌ರೊಕು ರಾಕುಗೊ ಶಿಂಜೂ’

ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಅಂದ ಕೂಡಲೇ ಕತ್ತಿ ಹಿಡಿದ ಹುಡುಗರು, ರಾಕ್ಷಸರು, ರೋಬೋಟ್‌ಗಳು ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಸರಣಿಯಲ್ಲಿ ಹೊಡೆದಾಟ ಇಲ್ಲ. ಒಬ್ಬ ಮನುಷ್ಯ ಮೆತ್ತೆಯ ಮೇಲೆ ಮಂಡಿಯೂರಿ ಕೂತು ಕಥೆ ಹೇಳುತ್ತಾನೆ. ಎದುರು ಕೂತವರು ನಗುತ್ತಾರೆ, ಇಲ್ಲವೇ ಆಕಳಿಸುತ್ತಾರೆ. ಅಷ್ಟರ ಮೇಲೆ 25 ಕಂತುಗಳು ನಿಂತಿವೆ. ಆದರೂ ಜಪಾನಿನ ಧ್ವನಿ ಕಲಾವಿದರ ತಾಕತ್ತು ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಹೆಸರು ಇದೇ.

ವಿವರ ಬೇಗ ಮುಗಿಸುತ್ತೇನೆ. ಮೂಲ ಮಂಗಾ (ಜಪಾನಿ ಕಾಮಿಕ್ಸ್) ಕುಮೋಟಾ ಹರುಕೊ ಅವರದು. 2010ರಿಂದ 2016ರವರೆಗೆ ‘ಇಟಾನ್’ ಪತ್ರಿಕೆಯಲ್ಲಿ ಬಂತು, ಒಟ್ಟು 10 ಸಂಪುಟ. 2014ರಲ್ಲಿ ಅದಕ್ಕೆ ಕೊಡಾನ್ಶಾ ಮಂಗಾ ಪ್ರಶಸ್ತಿ ಸಿಕ್ಕಿತು. ಅನಿಮೆ ಮಾಡಿದ್ದು ಸ್ಟುಡಿಯೋ ಡೀನ್, ನಿರ್ದೇಶಕ ಹತಾಕೆಯಾಮಾ ಮಮೊರು. ಮೊದಲ ಸೀಸನ್ 2016ರಲ್ಲಿ ಬಂತು, 13 ಕಂತು. ಎರಡನೆಯದು 2017ರಲ್ಲಿ, 12 ಕಂತು.

ರಾಕುಗೊ ಅನ್ನುವುದು ಜಪಾನಿನ ಹಳೆಯ ಕಥೆ ಹೇಳುವ ಕಲೆ. ವೇದಿಕೆಯಲ್ಲಿ ಒಬ್ಬನೇ. ಕೈಯಲ್ಲಿ ಒಂದು ಬೀಸಣಿಗೆ, ಒಂದು ತುಂಡು ಬಟ್ಟೆ. ಬೀಸಣಿಗೆಯೇ ನೂಡಲ್ಸ್ ತಿನ್ನುವ ಕಡ್ಡಿ, ಬಟ್ಟೆಯೇ ಹಣದ ಚೀಲ. ಕೂತಲ್ಲಿಂದ ಏಳುವ ಹಾಗಿಲ್ಲ. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಗಂಡ, ಬಲಕ್ಕೆ ತಿರುಗಿಸಿದರೆ ಹೆಂಡತಿ. ಕಲಾವಿದರಿಗೆ ಮೂರು ಮೆಟ್ಟಿಲು: ಚಾಕರಿ ಮಾಡುವ ಜೆನ್‌ಜಾ, ನಂತರ ಫುತಾತ್ಸುಮೆ, ಕೊನೆಗೆ ಶಿಷ್ಯರನ್ನು ಇಟ್ಟುಕೊಳ್ಳಬಲ್ಲ ಶಿನ್‌ಉಚಿ.

ನಾನು ಕುಂದಾಪುರದ ಕಡೆಯವಳು. ಅಪ್ಪನ ಜೊತೆ ತಾಳಮದ್ದಳೆ ಕೇಳುತ್ತಾ ಬೆಳೆದವಳು. ವೇಷ ಇಲ್ಲ, ಕುಣಿತ ಇಲ್ಲ, ಬಿಳಿ ಪಂಚೆ ಉಟ್ಟು ಕೂತ ಅರ್ಥಧಾರಿ ಬಾಯಿ ತೆರೆದರೆ ಎದುರಿಗೆ ಕರ್ಣ ಬಂದು ನಿಲ್ಲುತ್ತಾನೆ. ಹಾಗಾಗಿ ರಾಕುಗೊ ನನಗೆ ಪರಕೀಯ ಅನ್ನಿಸಲೇ ಇಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ತಾಳಮದ್ದಳೆಯಲ್ಲಿ ಕರ್ಣನಿಗೊಬ್ಬ, ಅರ್ಜುನನಿಗೊಬ್ಬ ಅರ್ಥಧಾರಿ ಇರುತ್ತಾರೆ. ಇಲ್ಲಿ ಕರ್ಣ, ಅರ್ಜುನ, ಕೃಷ್ಣ, ಕುದುರೆ ಎಲ್ಲ ಒಬ್ಬನೇ.

ಈಗ ಕನ್ನಡ ಆಡಿಯೋ ಪುಸ್ತಕಗಳಿಗೆ ಓದುವುದೇ ನನ್ನ ಕೆಲಸ. ದಿನವೂ ಮೈಕ್ ಮುಂದೆ ಕೂರುತ್ತೇನೆ. ಆದ್ದರಿಂದ ಈ ಸರಣಿಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಇದರಲ್ಲಿರುವ ಕಷ್ಟ ಏನೆಂದು ನನಗೆ ಬೇಗ ಹಿಡಿಯಿತು. ಮೈಕ್ ಇದ್ದ ಜಾಗದಲ್ಲೇ ಇರುತ್ತದೆ. ತಲೆಯನ್ನು ಆಚೀಚೆ ತಿರುಗಿಸಿದರೆ ಧ್ವನಿ ತಗ್ಗುತ್ತದೆ. ಅಂದರೆ ವೇದಿಕೆಯ ಮೇಲೆ ಮುಖ, ಕಣ್ಣು, ಹೆಗಲು ಸೇರಿ ಮಾಡುವ ಕೆಲಸವನ್ನೆಲ್ಲ ಇಲ್ಲಿ ಬರೀ ಗಂಟಲು ಮಾಡಬೇಕು. ಅದೂ ಒಂದು ಪದರ ಅಲ್ಲ. ಧ್ವನಿ ಕಲಾವಿದ ಮೊದಲು ಕಥೆಗಾರನಾಗಬೇಕು. ಆ ಕಥೆಗಾರ ತನ್ನ ಕಥೆಯೊಳಗಿನ ಕಳ್ಳ, ಮನೆ ಮಾಲೀಕ, ಕುಡುಕ, ಹೆಂಗಸು ಎಲ್ಲರೂ ಆಗಬೇಕು. ಅಷ್ಟಾದರೂ ಅವರೆಲ್ಲರ ಹಿಂದೆ ಆ ಕಥೆಗಾರನೇ ಕೇಳಿಸುತ್ತಿರಬೇಕು.

ಇದನ್ನು ಅತಿ ದೂರ ತೆಗೆದುಕೊಂಡು ಹೋದವರು ಇಶಿದಾ ಅಕಿರಾ. ಕಥೆಯ ನಡುಮನೆಯಲ್ಲಿರುವ ಯಾಕುಮೊ ಎಂಬ ಕಲಾವಿದನಿಗೆ ಅವರದೇ ಧ್ವನಿ, ಹರೆಯದ ಕಿಕುಹಿಕೊನಿಂದ ಹಿಡಿದು ಮುಪ್ಪಿನ 8ನೇ ಯಾಕುಮೊನವರೆಗೆ. ಕಿಕುಹಿಕೊ ಅವನ ಮೊದಲಿನ ವೇದಿಕೆಯ ಹೆಸರು, ಯಾಕುಮೊ ಗುರುವಿನಿಂದ ಶಿಷ್ಯನಿಗೆ ಬರುವ ಹೆಸರು. ನನ್ನ ತಂಗಿಯ ಮಗಳು ‘ನರುಟೊ’ ಹುಚ್ಚಿನವಳು, ಗಾರಾ ಪಾತ್ರ ಅಂದರೆ ಪ್ರಾಣ. ಆ ಗಾರಾನ ಜಪಾನಿ ಧ್ವನಿಯೂ ಇಶಿದಾ ಅವರದೇ. “ದೊಡ್ಡಮ್ಮ, ಈ ಮುದುಕನಿಗೂ ಆ ಹುಡುಗನಿಗೂ ಒಬ್ಬರೇ ಧ್ವನಿ ಕೊಟ್ಟದ್ದಾ? ಸುಳ್ಳು!” ಅಂತ ಅವಳು ಪರದೆಯನ್ನೇ ಬೈದಳು.

ಮುದುಕನ ಧ್ವನಿ ಮಾಡುವುದು ಅಂದರೆ ಗಂಟಲು ನಡುಗಿಸುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಶಿದಾ ಅದನ್ನು ಮಾಡುವುದೇ ಇಲ್ಲ. ಅವರ ಮುದಿ ಯಾಕುಮೊ ಉಸಿರನ್ನು ಅಳೆದು ಖರ್ಚು ಮಾಡುತ್ತಾನೆ. ವಾಕ್ಯದ ಮೊದಲಲ್ಲಿ ಗತ್ತು ಇರುತ್ತದೆ, ಕೊನೆಗೆ ಬರುವಾಗ ಗಾಳಿ ಕಡಿಮೆ. ನಡುವೆ ಒಂದು ಸಣ್ಣ ಒಣಗಿದ ಸದ್ದು, ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟ ಹಾಗೆ. ಹೆಡ್‌ಫೋನ್ ಹಾಕಿಕೊಂಡರೆ ಇದು ಸ್ಪಷ್ಟ ಕೇಳುತ್ತದೆ. ನಾನು ಓದುವಾಗ ಅಂಥ ಸದ್ದು ಬಂದರೆ ಮತ್ತೆ ರೆಕಾರ್ಡ್ ಮಾಡುತ್ತೇನೆ. ಇಲ್ಲಿ ಅದೇ ಸದ್ದು ಪಾತ್ರದ ವಯಸ್ಸು ಹೇಳುತ್ತದೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಹರೆಯದ ಭಾಗ. ಆಗ ಕಿಕುಹಿಕೊನ ರಾಕುಗೊ ಚೆನ್ನಾಗಿಲ್ಲ. ತಪ್ಪೇನೂ ಇಲ್ಲ, ಪಾಠ ಒಪ್ಪಿಸಿದ ಹಾಗೆ ಎಲ್ಲ ಸರಿ. ಆದರೆ ಜೀವ ಇಲ್ಲ. ಮಾತು ಎದುರಿನವರನ್ನು ಮುಟ್ಟುವ ಮೊದಲೇ ಮುಂದಿನ ಮಾತು ಬಂದುಬಿಡುತ್ತದೆ. ನಗು ಬರಬೇಕಾದ ಜಾಗದಲ್ಲಿ ಯಾರೋ ಕೆಮ್ಮುತ್ತಾರೆ. ನುರಿತ ಕಲಾವಿದನೊಬ್ಬ ಬೇಕೆಂದೇ ಸಪ್ಪೆಯಾಗಿ, ಅದೂ ನಂಬುವ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಆಮೇಲೆ ‘ಶಿನಾಗಾವಾ ಶಿಂಜೂ’ ಎಂಬ ರಾಕುಗೊ ಕಥೆ ಬರುತ್ತದೆ. ಬೇಡಿಕೆ ಇಳಿಯುತ್ತಿರುವ ಒಸೊಮೆ ಎಂಬ ವೇಶ್ಯೆ, ಬೇಕಾದ ದುಡ್ಡು ಹೊಂದಿಸಲಾಗದ ಅವಮಾನಕ್ಕೆ ಹೆದರಿ ಸಾಯಲು ಹೊರಡುತ್ತಾಳೆ. ಒಬ್ಬಳೇ ಸಾಯುವುದು ಬೇಡ ಅಂತ ಕಿನ್‌ಜೊ ಎಂಬ ಪೆದ್ದ ಗಿರಾಕಿಯನ್ನು ಜೊತೆಗೆ ಒಪ್ಪಿಸುತ್ತಾಳೆ. ಅವನು ಸಮುದ್ರಕ್ಕೆ ಬೀಳುತ್ತಾನೆ, ಅಷ್ಟರಲ್ಲಿ ದುಡ್ಡು ಬಂತೆಂಬ ಸುದ್ದಿ ಬಂದು ಅವಳು ಮನೆಗೆ ವಾಪಸ್. ಬಿದ್ದವನು ನೋಡಿದರೆ ನೀರು ಆಳವೇ ಇಲ್ಲ. ಈ ಕಥೆ ಹೇಳುವಾಗ ಇಶಿದಾ ಒಸೊಮೆಗೆ ಹೆಣ್ಣಿನ ಧ್ವನಿ ಹಾಕುವುದಿಲ್ಲ. ಸ್ವರ ಏರಿಸುವುದೂ ಇಲ್ಲ. ಸುಮ್ನೆ ಮಾತಿನ ವೇಗ ಇಳಿಸುತ್ತಾರೆ, ಪದದ ಕೊನೆಯನ್ನು ಸ್ವಲ್ಪ ಎಳೆಯುತ್ತಾರೆ. ಅಷ್ಟಕ್ಕೇ ಅವಳ ಕುತ್ತಿಗೆಯ ಬಾಗು ಸಹ ಕಾಣಿಸುತ್ತದೆ. ಕಿಕುಹಿಕೊನಿಗೆ ತನ್ನ ದಾರಿ ಸಿಕ್ಕಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದು ಬೇಕಾಗುವುದಿಲ್ಲ.

ಇಂಥ ಕಥೆಗಳಿಗೆ ನಿಜವಾದ ಇತಿಹಾಸ ಇದೆ. ಯುದ್ಧದ ಕಾಲದಲ್ಲಿ, 1941ರಲ್ಲಿ, ವೇಶ್ಯೆಯರ ಕಥೆ, ಹಾದರದ ಕಥೆ ಹೀಗೆ 53 ಕಥೆಗಳನ್ನು ರಾಕುಗೊ ಕಲಾವಿದರು ಹೇಳುವುದನ್ನೇ ನಿಲ್ಲಿಸಿದರು. ಟೋಕಿಯೋದ ಅಸಾಕುಸಾದಲ್ಲಿರುವ ಹೊಂಪೊಜಿ ದೇವಾಲಯದಲ್ಲಿ ಅವುಗಳ ಹೆಸರಲ್ಲಿ ಒಂದು ಸಮಾಧಿಯನ್ನೇ ಕಟ್ಟಿದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಅವು ಮತ್ತೆ ವೇದಿಕೆಗೆ ಬಂದವು. ಸರಣಿಯಲ್ಲೂ ಯುದ್ಧ ಬರುತ್ತದೆ, ಕಥೆಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಇದು ಗೊತ್ತಿದ್ದರೆ ಕಿಕುಹಿಕೊ ಅಂಥ ಕಥೆಗಳನ್ನೇ ಏಕೆ ಅಪ್ಪಿಕೊಂಡ ಅನ್ನುವುದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಕಿಕುಹಿಕೊನ ಜೊತೆ ಒಂದೇ ದಿನ ಗುರುವಿನ ಮನೆ ಸೇರಿದವನು ಸುಕೆರೊಕು. ಧ್ವನಿ ಯಮಾದೆರಾ ಕೊಇಚಿ ಅವರದು. ‘ಕೌಬಾಯ್ ಬಿಬಾಪ್’ನ ಸ್ಪೈಕ್ ಇವರೇ, ಜಪಾನಿ ಭಾಷೆಯ ಡೊನಾಲ್ಡ್ ಡಕ್ ಕೂಡ ಇವರೇ. ಇಶಿದಾ ಎಷ್ಟು ಅಳೆಯುತ್ತಾರೋ ಯಮಾದೆರಾ ಅಷ್ಟು ಸುರಿಯುತ್ತಾರೆ. ಬಾಯಿ ತುಂಬ ನಗು, ಗಂಟಲು ತುಂಬ ಹೆಂಡ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಕಡಿಮೆ ಮಾಡಿದ ಜಾಗ. ಮೊದಲ ಸೀಸನ್‌ನ ಕೊನೆಯ ಹೊತ್ತಿಗೆ ಸುಕೆರೊಕು ‘ಶಿಬಾಹಾಮಾ’ ಕಥೆ ಹೇಳುತ್ತಾನೆ. ಮೀನು ಮಾರುವ ಒಬ್ಬ ಕುಡುಕನಿಗೆ ಸಮುದ್ರ ದಂಡೆಯಲ್ಲಿ ಹಣದ ಚೀಲ ಸಿಗುತ್ತದೆ. ಅದೆಲ್ಲ ಕನಸು ಅಂತ ಹೆಂಡತಿ ನಂಬಿಸುತ್ತಾಳೆ. ಅವನು ಕುಡಿತ ಬಿಟ್ಟು ದುಡಿಯುತ್ತಾನೆ, ವರ್ಷಗಳ ನಂತರ ಅವಳು ನಿಜ ಹೇಳುತ್ತಾಳೆ. ಹೆಂಡತಿ ತಪ್ಪೊಪ್ಪಿಕೊಳ್ಳುವ ಮಾತುಗಳಿಗೆ ಯಮಾದೆರಾ ತಮ್ಮ ಶಬ್ದವನ್ನು ಅರ್ಧಕ್ಕೆ ಇಳಿಸುತ್ತಾರೆ. ಆ ಕ್ಷಣ ಹಿನ್ನೆಲೆ ಸಂಗೀತ ಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಸುಕೆರೊಕುವಿನ ಸ್ವಂತ ಸಂಸಾರ ಹೇಗಿದೆ ಅಂತ ಅಷ್ಟರಲ್ಲಿ ನಮಗೆ ಗೊತ್ತಾಗಿರುತ್ತದೆ, ಅದಕ್ಕೇ ಅದು ಹೊಟ್ಟೆಗೆ ಬಂದು ತಾಗುತ್ತದೆ.

ಇವರಿಬ್ಬರ ನಡುವೆ ಬರುವ ಮಿಯೊಕಿಚಿ ರಾಕುಗೊ ಹೇಳುವವಳಲ್ಲ. ಹಾಡು, ಕುಣಿತ, ಮಾತಿನಿಂದ ಗಿರಾಕಿಗಳನ್ನು ರಂಜಿಸುವ ಗೇಷಾ. ಹಯಾಶಿಬಾರಾ ಮೆಗುಮಿ ಅವಳಿಗೆ ಎರಡು ಧ್ವನಿ ಇಟ್ಟಿದ್ದಾರೆ. ಗಂಡಸರ ಎದುರು ಜೇನಿನಂಥದ್ದು, ಬಾಗಿಲು ಮುಚ್ಚಿದ ಮೇಲೆ ಚಪ್ಪಟೆ, ಸುಸ್ತಾದದ್ದು. ಶೀನಾ ರಿಂಗೊ ಬರೆದು ಸಂಗೀತ ಹಾಕಿದ ಮೊದಲ ಸೀಸನ್‌ನ ಶೀರ್ಷಿಕೆ ಗೀತೆ ಹಾಡಿದವರೂ ಇವರೇ. ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಯೊತಾರೊ ಜೈಲಿನಿಂದ ಬಿಟ್ಟ ದಿನವೇ ಯಾಕುಮೊನ ಬಾಗಿಲಿಗೆ ಬರುವ ಹುಡುಗ. ಅವನಿಗೆ ಸೆಕಿ ತೊಮೊಕಾಜು. ನಮ್ಮ ಮಕ್ಕಳು ಹಿಂದಿಯಲ್ಲಿ ನೋಡುವ ಡೋರೇಮಾನ್ ಇದೆಯಲ್ವಾ, ಅದರ ಸುನಿಯೊನ ಜಪಾನಿ ಧ್ವನಿ 2005ರಿಂದ ಇವರದೇ. ಮೊದಲ ಕಂತಿನಲ್ಲೇ ಯೊತಾರೊ ‘ದೆಕಿಗೊಕೊರೊ’ ಹೇಳುತ್ತಾನೆ, ಪೆದ್ದ ಕಳ್ಳನ ಕಥೆ. ಹೇಳುವವನು ಸ್ವತಃ ಜೈಲು ಕಂಡವನು. ಎದುರು ಕೂತವನು ಅವನ ಹಳೆಯ ರೌಡಿ ಅಣ್ಣ. ಶುರುವಿನಲ್ಲಿ ಸೆಕಿಯ ಧ್ವನಿ ಒಡೆಯುತ್ತದೆ, ಉಸಿರು ತಪ್ಪುತ್ತದೆ. ಕಳ್ಳನ ಪಾತ್ರ ಬಂದ ಕೂಡಲೇ ಎಲ್ಲೋ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಸಭೆಯಲ್ಲಿ ಮೊದಲು ಒಂದೇ ಒಂದು ನಗು, ಆಮೇಲೆ ನಾಲ್ಕೈದು, ಆಮೇಲೆ ಎಲ್ಲರದೂ. ಈ ನಗುಗಳನ್ನು ಜೋಡಿಸಿದ ಧ್ವನಿ ವಿಭಾಗದವರಿಗೂ ನನ್ನ ನಮಸ್ಕಾರ.

ಇನ್ನೊಂದು ವಿಷಯ ಹೇಳಲೇಬೇಕು. ಜಪಾನಿನಲ್ಲಿ ಸಾಮಾನ್ಯವಾಗಿ ಒಂದು ಕಂತಿನ ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ ಸೇರಿ ರೆಕಾರ್ಡ್ ಮಾಡುವುದು ವಾಡಿಕೆ. ಎದುರು ಪರದೆ, ನಾಲ್ಕಾರು ಮೈಕ್, ಕೈಯಲ್ಲಿ ಹಾಳೆ. ತಮ್ಮ ಸರದಿ ಬಂದಾಗ ಸದ್ದಾಗದ ಹಾಗೆ ಮೈಕ್ ಮುಂದೆ ಬಂದು, ಹೇಳಿ, ಹಿಂದೆ ಸರಿಯುತ್ತಾರೆ. ಒಬ್ಬೊಬ್ಬರೇ ಬೇರೆ ಬೇರೆ ದಿನ ಬಂದು ಮಾತು ತುಂಬಿ ಹೋದರೆ ಸಿಗದ ಒಂದು ಗುಣ ಇದರಿಂದ ಬರುತ್ತದೆ. ಮಾತಿಗೆ ಮಾತು ತಾಗುತ್ತದೆ.

ಕೊರತೆಗಳೂ ಇವೆ. ಮೊದಲ ಕಂತಿನಲ್ಲಿ ಯೊತಾರೊನನ್ನು ಇಷ್ಟಪಡಿಸಿ, ಆಮೇಲೆ ಬಹುಪಾಲು ಸೀಸನ್ ಅವನನ್ನು ಕಾಣಿಸುವುದೇ ಇಲ್ಲ. ಕಥೆ ಹಿಂದಿನ ಕಾಲಕ್ಕೆ ಹೋಗಿ ಅಲ್ಲೇ ಇರುತ್ತದೆ. ಅವನಿಗಾಗಿ ಕಾಯುವವರಿಗೆ ಇದು ಬೇಸರ ತರಬಹುದು. ಕೆಲವು ಕಂತುಗಳಲ್ಲಿ ಹಿನ್ನೆಲೆಯ ಜನರ ಚಿತ್ರ ಒರಟಾಗಿದೆ. ಎರಡನೇ ಸೀಸನ್‌ನ ಕೊನೆಯಲ್ಲಿ ಒಂದು ಮಗುವಿನ ಹುಟ್ಟಿನ ಬಗ್ಗೆ ಬಿಡುವ ಸುಳಿವು ನನಗೆ ಹಿಡಿಸಲಿಲ್ಲ. ಅಷ್ಟು ಹೊತ್ತು ಕಟ್ಟಿದ ಸಂಬಂಧಕ್ಕೆ ಅದು ಬೇಕಿರಲಿಲ್ಲ. ಸುಕೆರೊಕುವಿನ ಮಗಳು ಕೊನಾತ್ಸುವಿನ ಪಾತ್ರಕ್ಕೂ ಇನ್ನಷ್ಟು ಜಾಗ ಕೊಡಬಹುದಿತ್ತು. ಅವಳಿಗೆ ರಾಕುಗೊ ಅಂದರೆ ಜೀವ, ಆದರೆ ಹೆಣ್ಣು ಅಂತ ವೇದಿಕೆ ಇಲ್ಲ. ಟೋಕಿಯೋದಲ್ಲಿ ಹೆಂಗಸರು ಮೊದಲ ಸಲ ಶಿನ್‌ಉಚಿ ಆದದ್ದೇ 1993ರಲ್ಲಿ. ಕೊಬಯಾಶಿ ಯೂ ಅವರ ಧ್ವನಿಯಲ್ಲಿರುವ ಆ ಕಟ್ಟಿಕೊಂಡ ಸಿಟ್ಟು ಕೇಳಿದವರಿಗೆ ಅವಳ ಕಥೆಯೇ ಬೇರೆ ಸರಣಿಯಾಗಬೇಕು ಅನ್ನಿಸುತ್ತದೆ.

ನಾನು ಮೊದಲು ನೋಡಿದ ಸ್ಟ್ರೀಮಿಂಗ್ ಸೇವೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಧ್ವನಿಗಿಂತ ಮುಂದೆ ಓಡುತ್ತಿತ್ತು. ಕಥೆಗಾರ ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಗುವಿನ ಸಾಲು ಕೆಳಗೆ ಬಂದು ಕೂತಿರುತ್ತಿತ್ತು. ರಾಕುಗೊದ ಜೀವವೇ ಕಾಯಿಸುವುದರಲ್ಲಿ ಇರುವಾಗ ಇದು ಸಣ್ಣ ತೊಂದರೆ ಅಲ್ಲ. ದೂರು ಕೊಟ್ಟೆ, ಉತ್ತರ ಬರಲಿಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯ ಇದು: ಕಥೆ ಹೇಳುವ ದೃಶ್ಯವನ್ನು ಒಮ್ಮೆ ಸಬ್‌ಟೈಟಲ್ ಜೊತೆ ನೋಡಿ, ಆಮೇಲೆ ಹಿಂದಕ್ಕೆ ಹೋಗಿ ಅದನ್ನು ಆಫ್ ಮಾಡಿ ಬರೀ ಕೇಳಿ. ಜಪಾನಿ ಒಂದಕ್ಷರ ಬಾರದಿದ್ದರೂ ಎಷ್ಟು ಜನ ಮಾತಾಡುತ್ತಿದ್ದಾರೆ, ಯಾರು ಗಂಡಸು, ಯಾರು ಸುಳ್ಳು ಹೇಳುತ್ತಿದ್ದಾರೆ ಎಲ್ಲ ತಿಳಿಯುತ್ತದೆ.

ಈ ಪ್ರಯೋಗಕ್ಕೆ ‘ಶಿನಿಗಾಮಿ’ ಎಂಬ ಕಥೆ ಹೇಳಿ ಮಾಡಿಸಿದ್ದು. ಸಾವಿನ ದೇವತೆ ರೋಗಿಯ ಕಾಲ ಬಳಿ ಕೂತಿದ್ದರೆ ಬದುಕಿಸಬಹುದು, ತಲೆ ಬಳಿ ಕೂತಿದ್ದರೆ ಆಗದು. ಆಸೆಗೆ ಬಿದ್ದವನು ಹಾಸಿಗೆಯನ್ನೇ ತಿರುಗಿಸುತ್ತಾನೆ. ಕೊನೆಗೆ ಒಂದು ಗುಹೆ, ಸಾಲು ಮೇಣದ ಬತ್ತಿಗಳು, ಒಂದೊಂದೂ ಒಬ್ಬೊಬ್ಬರ ಆಯುಷ್ಯ, ಅವನದು ಈಗಲೋ ಆಗಲೋ ಅನ್ನುವಂತಿದೆ. ಯೊತಾರೊ ಜೈಲಿನಲ್ಲಿ ಕೇಳಿ ಮರುಳಾದದ್ದು ಯಾಕುಮೊನ ಇದೇ ಕಥೆಗೆ. “ಆರುತ್ತದೆ, ಆರುತ್ತದೆ” ಅನ್ನುವಲ್ಲಿ ಇಶಿದಾ ಧ್ವನಿಯಿಂದ ಸ್ವರವನ್ನೇ ತೆಗೆದುಬಿಡುತ್ತಾರೆ, ಉಸಿರು ಮಾತ್ರ ಬಿಡುತ್ತಾರೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದದ್ದು ಕೊನೆಯ ಸುಳಿವಿಗೆ. ಚಿಕ್ಕ ಮಕ್ಕಳಿಗೆ ಇದು ಬೇಡ, ವಿಷಯ ದೊಡ್ಡವರದು. ಮೊದಲ ಕಂತು ಮಾಮೂಲಿಗಿಂತ ಸುಮಾರು ಎರಡು ಪಟ್ಟು ಉದ್ದ ಇದೆ, ಆದ್ದರಿಂದ ರಾತ್ರಿ ಊಟ ಮುಗಿಸಿಯೇ ಕೂರಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಹೆಡ್‌ಫೋನ್ ಇರಲಿ. ಮಂಗಾ ಓದುವ ಆಸೆ ಇದ್ದರೆ ಇಂಗ್ಲಿಷ್‌ನಲ್ಲಿ ‘ಡಿಸೆಂಡಿಂಗ್ ಸ್ಟೋರೀಸ್’ ಅನ್ನುವ ಹೆಸರಲ್ಲಿ ಬಂದಿದೆ. ಆದರೆ ಅನಿಮೆಯನ್ನು ಮೊದಲು ನೋಡಿ. ಆಮೇಲೆ ಪುಟ ತಿರುವಿದರೆ ಇಶಿದಾ, ಯಮಾದೆರಾ ಇಬ್ಬರ ಧ್ವನಿಯೂ ತಾನಾಗಿಯೇ ಕೇಳಿಸುತ್ತದೆ.