ಎಸಿ1300 ಯುಎಸ್‌ಬಿ ವೈಫೈ ಅಡಾಪ್ಟರ್: ಸಾಮಾನು ಚೆನ್ನಾಗಿದೆ, ಡಬ್ಬದ ಮೇಲಿನ ನಂಬರ್ ಮಾತ್ರ ನಂಬಬೇಡಿ

ಕಂಪ್ಯೂಟರ್‌ನಲ್ಲಿ ನೆಟ್ ಸ್ಲೋ ಅಂತ ಸೀದಾ ಹೋಗಿ ಇದನ್ನು, ಅಂದರೆ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿದರೆ ಕಂಪ್ಯೂಟರ್‌ಗೆ ವೈಫೈ ಹಿಡಿದುಕೊಡುವ ಈ ಅಡಾಪ್ಟರನ್ನು, ಕೊಳ್ಳಬೇಡಿ. ಮೊದಲು ರೂಟರ್‌ಗೂ ಕಂಪ್ಯೂಟರ್‌ಗೂ ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲೂ ಸ್ಲೋ ಇದ್ದರೆ ತೊಂದರೆ ಕನೆಕ್ಷನ್‌ನಲ್ಲೋ ರೂಟರ್‌ನಲ್ಲೋ ಇರುತ್ತದೆ, ಯಾವ ಅಡಾಪ್ಟರ್ ತಂದರೂ ಅಷ್ಟೇ. ಕೇಬಲ್‌ನಲ್ಲಿ ಚೆನ್ನಾಗಿ ಬಂದು, ಪಕ್ಕದಲ್ಲೇ ಇಟ್ಟ ಮೊಬೈಲಿಗೂ ವೈಫೈ ಜೋರಾಗಿ ಸಿಕ್ಕು, ಕಂಪ್ಯೂಟರ್ ಮಾತ್ರ ತೆವಳುತ್ತಿದ್ದರೆ ಮುಂದೆ ಓದಿ. ನನ್ನದು ಅದೇ ಕೇಸು.

ವೈಫೈ ಸಾಮಾನ್ಯವಾಗಿ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡ್‌ಗಳಲ್ಲಿ (ರೇಡಿಯೋ ಅಲೆಗಳ ಪಟ್ಟಿ). ನನ್ನ ಕಂಪ್ಯೂಟರ್‌ನ ಹಳೆಯ ವೈಫೈ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತಿತ್ತು. ಆ ಬ್ಯಾಂಡ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11, ಮೂರೇ ಮೂರು. ಅಕ್ಕಪಕ್ಕದವರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲಕ್ಕೂ ಅದೇ ಜಾಗ ಬೇಕು. ವಿಂಡೋಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದರೆ ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ ಎಲ್ಲ ಕಾಣುತ್ತದೆ. ನನ್ನದರಲ್ಲಿ ಲಿಂಕ್ ಸ್ಪೀಡ್, ಅಂದರೆ ರೂಟರ್‌ಗೂ ಕಂಪ್ಯೂಟರ್‌ಗೂ ನಡುವಿನ ವೈಫೈ ವೇಗ, ಸೆಕೆಂಡಿಗೆ 72 ಮೆಗಾಬಿಟ್ ಅಂತಿತ್ತು. ಈ ಅಡಾಪ್ಟರ್ ಚುಚ್ಚಿ 5 ಗಿಗಾಹರ್ಟ್ಸ್‌ಗೆ ಸೇರಿಸಿದ ಮೇಲೆ ಅದೇ ಜಾಗದಲ್ಲಿ 866 ತೋರಿಸಿತು.

ಹಾಗಂತ ಅಷ್ಟೂ ಕೈಗೆ ಸಿಗುವುದಿಲ್ಲ. 1300 ಅನ್ನುವುದು ಎರಡು ಬ್ಯಾಂಡ್ ಸೇರಿಸಿ ಬರೆದ ಲೆಕ್ಕ, 2.4ರಲ್ಲಿ 400 ಮತ್ತು 5ರಲ್ಲಿ 867, ಕೂಡಿದರೆ 1267, ಅದನ್ನೇ ದುಂಡಗೆ ಮಾಡಿ 1300 ಅಂತಾರೆ. ಇಂಥ ಅಡಾಪ್ಟರ್ ಒಂದು ಸಲಕ್ಕೆ ಒಂದು ಬ್ಯಾಂಡನ್ನೇ ಹಿಡಿಯುವುದು, ಹಾಗಿದ್ದ ಮೇಲೆ ಕೂಡಿಸಿ ಬರೆಯುವುದಾದರೂ ಯಾಕೆ ಅಲ್ವಾ? 867ರಲ್ಲೂ ನಿಜವಾಗಿ ಸಿಗುವುದು ಹೆಚ್ಚುಕಡಿಮೆ ಅರ್ಧ. ಅದು ಮೆಗಾಬಿಟ್ ಲೆಕ್ಕ ಬೇರೆ, ಡೌನ್‌ಲೋಡ್ ಆಗುವಾಗ ಕಾಣುವ ಮೆಗಾಬೈಟ್ ಬೇಕಾದರೆ 8ರಿಂದ ಭಾಗಿಸಿಕೊಳ್ಳಿ. ಆದರೂ ನನ್ನ ಪ್ಲಾನ್‌ನ ಪೂರ್ತಿ ಸ್ಪೀಡ್ ಈಗ ವೈಫೈಯಲ್ಲೇ ಬರುತ್ತಿದೆ, ಅಷ್ಟು ಸಾಕು.

ಎಲ್ಲಿ ಚುಚ್ಚುತ್ತೀರಿ ಅನ್ನುವುದೇ ಇದರಲ್ಲಿ ಮುಖ್ಯ. ಕಂಪ್ಯೂಟರ್ ಕ್ಯಾಬಿನೆಟ್ ಹಿಂದೆ, ಗೋಡೆಗೆ ಒತ್ತಿಕೊಂಡಿರುವ ಪೋರ್ಟ್‌ಗೆ ಸಿಕ್ಕಿಸಿದರೆ ಅಷ್ಟು ದೊಡ್ಡ ಲೋಹದ ಡಬ್ಬ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ. ಜೊತೆಗೆ ಕೊಟ್ಟಿರುವ ಕೇಬಲ್ ಸ್ಟ್ಯಾಂಡ್ ಬಳಸಿ, ಮೇಜಿನ ಮೇಲೆ ತಂದಿಡಿ. ಯುಎಸ್‌ಬಿ 2.0 ಪೋರ್ಟ್ ಬೇಡ, ಅದರ ಮಿತಿಯೇ 480, 867 ಅಲ್ಲಿ ಹೇಗೆ ಹಿಡಿಸುತ್ತದೆ? ಹಾಕಿದರೆ 3.0 ಪೋರ್ಟ್‌ಗೇ ಹಾಕಿ. ಆದರೆ ಅಲ್ಲೂ ಒಂದು ತಕರಾರಿದೆ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಹೊರಡಿಸುತ್ತದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಇಟ್ಟು ಫೈಲ್ ಕಾಪಿಗೆ ಹಾಕಿ ನೋಡಿ, 2.4ರಲ್ಲಿರುವ ವೈಫೈ ಕುಸಿಯುವುದು ಕಣ್ಣಿಗೇ ಕಾಣುತ್ತದೆ. 5ರಲ್ಲಿ ಈ ಕಾಟ ಇಲ್ಲ.

ಡ್ರೈವರ್ (ಅಡಾಪ್ಟರ್ ಓಡಿಸುವ ಸಾಫ್ಟ್‌ವೇರ್) ವಿಷಯ ಸ್ವಲ್ಪ ರಗಳೆ. ಮೊದಲ ಸಲ ಚುಚ್ಚಿದಾಗ ಇದು ಸಿಡಿ ಥರ ಕಾಣಿಸಿಕೊಂಡು ಒಳಗಿರುವ ಹಳೆಯ ಡ್ರೈವರ್ ಕೊಡುತ್ತದೆ. ಅದು ಬಿಟ್ಟು ತಯಾರಕರ ಸೈಟಿನಿಂದ ಹೊಸದನ್ನು ಇಳಿಸಿಕೊಳ್ಳಿ. ಲಿನಕ್ಸ್ ಬಳಸುವವರು ಒಳಗೆ ಯಾವ ಚಿಪ್ ಇದೆ ಅಂತ ತಿಳಿದುಕೊಂಡೇ ದುಡ್ಡು ಬಿಚ್ಚಿ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಕನೆಕ್ಷನ್ ಕಡಿದುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಪವರ್ ಉಳಿಸುವ ಟಿಕ್ ತೆಗೆಯಿರಿ, ನನಗೆ ಅಷ್ಟಕ್ಕೇ ಸರಿಹೋಯಿತು.

ರೂಟರ್‌ಗೂ ನಿಮಗೂ ನಡುವೆ ಎರಡು ಮೂರು ದಪ್ಪ ಗೋಡೆ ಇದ್ದರೆ ಇದರ ಮೇಲೆ ಜಾಸ್ತಿ ಆಸೆ ಬೇಡ, 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಸೋಂಬೇರಿ. ಆನ್‌ಲೈನ್ ಗೇಮ್ ಆಡುವವರಿಗೆ ಕೇಬಲ್ಲೇ ಸರಿ. ಒಂದೇ ರೂಮು, ಇಲ್ಲವೇ ಪಕ್ಕದ ರೂಮು ಅಂದರೆ ಧೈರ್ಯವಾಗಿ ತೆಗೆದುಕೊಳ್ಳಿ, 5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಡಿದಿದ್ದು ಸ್ಟ್ಯಾಂಡ್‌ಗೆ, ತೀರಾ ಹಗುರ, ಕೇಬಲ್ ಸ್ವಲ್ಪ ಎಳೆದರೂ ಮಗುಚಿಕೊಳ್ಳುತ್ತದೆ. ನೀಲಿ ಲೈಟ್ ಬೇರೆ ರಾತ್ರಿಯೆಲ್ಲ ಮಿಣುಕುತ್ತದೆ, ಆಫ್ ಮಾಡುವ ಆಪ್ಷನ್ ಎಲ್ಲೂ ಸಿಗಲಿಲ್ಲ, ಕರಿ ಟೇಪ್ ಅಂಟಿಸಿಟ್ಟಿದ್ದೇನೆ.