ಒಬ್ಬರೇ ಆಡೋಕೆ ಅಂತ ದೊಡ್ಡ ಸ್ಟ್ರಾಟಜಿ ಗೇಮ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಒಂದು ಕಂಪ್ಯೂಟರ್ ಗೇಮಿಗೆ 1,200 ರೂಪಾಯಿ ಕೊಟ್ಟೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಗೇಮಿನ ಹೆಸರು ಹೇಳಲ್ಲ. ಇಬ್ಬರು ಮೂವರು ಸೇರಿ ಮಾಡಿದ ಇಂಡೀ ಗೇಮ್, ಅವರ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಟರ್ನ್ ಬೇಸ್ಡ್ ಸ್ಟ್ರಾಟಜಿ, ಅಂದ್ರೆ ಚದುರಂಗದ ಹಾಗೆ ಸರದಿ ಪ್ರಕಾರ ಆಡೋದು. ಹತ್ತಾರು ರಾಜ್ಯ, ನೂರಾರು ಮಂತ್ರ, ಮ್ಯಾನ್ಯುಯಲ್ಲೇ ಮುನ್ನೂರು ಪುಟ. 'ಸಿಂಗಲ್ ಪ್ಲೇಯರ್' ಅಂತಲೂ ಬರೆದಿತ್ತು. ನಾನಿರೋದು ಬಾಗಲಕೋಟೆಯ ನವನಗರದಲ್ಲಿ, ಜೊತೆಗೆ ಆಡ್ತಿದ್ದ ಗೆಳೆಯರೆಲ್ಲ ಪುಣೆ, ಬೆಂಗಳೂರು ಸೇರಿದ್ದಾರೆ, ರಾತ್ರಿ ಹತ್ತರ ಮೇಲೆ ಒಬ್ಬನೇ ಆಡೋನಿಗೆ ಇದಕ್ಕಿಂತ ಏನು ಬೇಕು ಅಂದ್ಕೊಂಡೆ.

ಮೊದಲ ತಪ್ಪು ನನ್ನದೇ. ನಾನು ಕೊಂಡದ್ದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಅಲ್ಲಿ ದುಡ್ಡು ವಾಪಸ್ ಬೇಕಂದ್ರೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಇಂಥ ಗೇಮಿನಲ್ಲಿ 2 ಗಂಟೆ ಅಂದ್ರೆ ಬರೀ ಟ್ಯುಟೋರಿಯಲ್. ನಾನಂತೂ ಗೇಮ್ ತೆರೆದಿಟ್ಟೇ ಊಟಕ್ಕೆ ಎದ್ದು ಹೋಗಿದ್ದೆ, ಆ ಹೊತ್ತೂ ಲೆಕ್ಕಕ್ಕೆ ಸೇರ್ತದೆ. ಗೇಮ್ ಹೇಗಿದೆ ಅಂತ ತಿಳಿಯೋ ಹೊತ್ತಿಗೆ ಗಡುವು ಮುಗಿದಿತ್ತು.

ತಿಳಿದದ್ದು ನಲವತ್ತನೇ ಟರ್ನಿನ ಹೊತ್ತಿಗೆ. ಎದುರಾಳಿ ರಾಜ್ಯದ ದೊಡ್ಡ ಸೈನ್ಯ ಒಂದು ಸೇತುವೆ ಹತ್ತಿರ ನಿಂತಿತ್ತು. ನಾನು ಹೆದರಿ ಕೋಟೆ ಕಟ್ಟಿದೆ, ಭರ್ಜಿಯವರನ್ನು ಸೇರಿಸಿದೆ, ಇದ್ದ ಚಿನ್ನವೆಲ್ಲ ಸುರಿದೆ. ಆ ಸೈನ್ಯ ಸೇತುವೆ ದಾಟಿತು, ಮುಂದಿನ ಟರ್ನಿನಲ್ಲಿ ವಾಪಸ್ ಹೋಯಿತು, ಮತ್ತೆ ದಾಟಿತು, ಹೀಗೇ ಹನ್ನೊಂದು ಟರ್ನ್. ಹಿಂದೆ ನಿಂತು ನೋಡ್ತಿದ್ದ ತಮ್ಮ, "ಯಣ್ಣಾ, ಇವು ಯಾಕ ಸಂಜಿ ವಾಕಿಂಗ್ ಹೊಂಟಾವು?" ಅಂದ. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಡಿಫಿಕಲ್ಟಿ ಏರಿಸಿದೆ. ಕಂಪ್ಯೂಟರಿನ ಬುದ್ಧಿ ಏರಲಿಲ್ಲ, ಅದಕ್ಕೆ ಸಿಗೋ ಚಿನ್ನ ಏರಿತು. ಅದೇ ದಡ್ಡ, ಈಗ ಶ್ರೀಮಂತ ದಡ್ಡ, ಅಷ್ಟೇ. ಸಿವಿಲೈಸೇಶನ್‌ನಂಥ ದೊಡ್ಡ ಗೇಮಿನಲ್ಲೂ ಮೇಲಿನ ಹಂತಗಳಲ್ಲಿ ಕಂಪ್ಯೂಟರಿಗೆ ಹೆಚ್ಚುವರಿ ಅನುಕೂಲ ಕೊಡ್ತಾರೆ, ನಿಜ. ನಿಯಮ ಜಾಸ್ತಿ ಆದಷ್ಟೂ ಅವನ್ನೆಲ್ಲ ಬಳಸೋ ಎಐ, ಅಂದ್ರೆ ಎದುರಾಳಿಯಾಗಿ ಆಡೋ ಪ್ರೋಗ್ರಾಂ, ಬರೆಯೋದು ಕಷ್ಟ, ಇಬ್ಬರು ಮೂವರ ತಂಡಕ್ಕಂತೂ ಇನ್ನೂ ಕಷ್ಟ. ಆಮೇಲೆ ಹುಡುಕಿದಾಗ ಗೊತ್ತಾಯ್ತು, ಹೊಗಳಿದವರೆಲ್ಲ ಮನುಷ್ಯರ ಜೊತೆ ಆಡಿದವರೇ. ರಿವ್ಯೂಗಳಲ್ಲಿದ್ದ ಆ ಮಾತನ್ನೇ ನಾನು ಓದಿರಲಿಲ್ಲ.

ಹಾಗಂತ ಚಿಕ್ಕ ತಂಡದ ಗೇಮೇ ಬೇಡ ಅನ್ನಲ್ಲ. 2018ರ ಇನ್‌ಟು ದ ಬ್ರೀಚ್ ನೋಡಿ. ಎಂಟಕ್ಕೆ ಎಂಟು ಮನೆಯ ಪುಟ್ಟ ಮೈದಾನ, ಶತ್ರು ಮುಂದೇನು ಮಾಡ್ತಾನೆ ಅಂತ ಮೊದಲೇ ತೋರಿಸ್ತಾರೆ, ಆದರೂ ತಲೆ ಬಿಸಿ ಆಗ್ತದೆ. ಒಬ್ಬರೇ ಆಡಲಿ ಅಂತಲೇ ಕಟ್ಟಿದ್ದು. ವೆಸ್ನಾತ್ ಅನ್ನೋ ಇನ್ನೊಂದು ಸ್ಟ್ರಾಟಜಿ ಗೇಮ್ 2003ರಿಂದ ಇದೆ, ಕಂಪ್ಯೂಟರಿನಲ್ಲಿ ಪುಕ್ಕಟೆ, ಒಬ್ಬರೇ ಆಡೋ ಕಥೆಗಳು ಬೇಕಾದಷ್ಟಿವೆ.

ಕೊಳ್ಳೋ ಮುಂಚೆ ರಿವ್ಯೂಗಳಲ್ಲಿ ಐವತ್ತು ಗಂಟೆ ಮೇಲೆ ಆಡಿದವರದ್ದನ್ನೇ ಓದಿ, ಅದರಲ್ಲೂ ಎಐ ಬಗ್ಗೆ ಬೈದದ್ದನ್ನು. 'ಸಿಂಗಲ್ ಪ್ಲೇಯರ್' ಅಂದ್ರೆ ಒಬ್ಬರೇ ಶುರು ಮಾಡಬಹುದು ಅಂತ ಅಷ್ಟೇ. ಡೆಮೋ ಇದ್ದರೆ ಮೊದಲು ಅದನ್ನೇ ಆಡಿ. ಸುಮ್ನೆ ಲೋಕ ಸುತ್ತಿ ಮಂತ್ರ ಕಲಿಯೋದೇ ಖುಷಿ ಅನ್ನೋರಿಗೆ ನನ್ನ ಗೇಮೂ ಹಿಡಿಸೀತು, ನನಗೆ ಎದುರಾಳಿ ಬೇಕಿತ್ತು.

ಅಂದ ಹಾಗೆ, ಆ ಗೇಮನ್ನು ದಿನಕ್ಕೊಂದು ಟರ್ನಿನಂತೆ ಇಮೇಲ್‌ನಲ್ಲೂ ಆಡಬಹುದಂತೆ. ಬಾಗಲಕೋಟೆ, ವಿಜಯಪುರ ಕಡೆ ಯಾರ ಹತ್ತಿರವಾದರೂ ಹೀಗೆ ಆಡೋ ಇಂಥ ಗೇಮ್ ಇದ್ದರೆ ತಿಳಿಸಿ. ನನ್ನ ಕೋಟೆ ಇನ್ನೂ ಹಾಗೇ ನಿಂತಿದೆ.